ಸಾರ್ ದನಿಯಲ್ಲಿ ಇನ್ನೊಂದು ಅಳತೆ

ಹಾರೋಹಳ್ಳಿಯ ಗಾರೆ ಕಾರ್ಖಾನೆಯ ಲ್ಯಾಬಿಗೆ ನಾನು ಸೇರಿದಾಗ ಡಿಪ್ಲೊಮಾದಲ್ಲಿ ಕಲಿತದ್ದು ಅರ್ಧ ಮರೆತುಹೋಗಿತ್ತು, ಪಾಠ ಹೇಳಿದವರ ದನಿ ಮಾತ್ರ ಪೂರ್ತಿ ನೆನಪಿತ್ತು. ಎರಡೇ ವಾರದಲ್ಲಿ ಕ್ಯಾಂಟೀನಿನವನಿಂದ ಹಿಡಿದು ನಮ್ಮ ಲ್ಯಾಬ್ ಸಾರ್ ತನಕ ಎಲ್ಲರನ್ನೂ ಅಣಕಿಸೋದು ಕರಗತವಾಯಿತು. ಸಾರ್ ಎರಡು ಸಲ ಗಂಟಲು ಸರಿಮಾಡಿಕೊಂಡು ಮೂಗಿನಲ್ಲೇ ಆರ್ಡರ್ ಹೊರಡಿಸುತ್ತಿದ್ದರು. ಕೆಲಸ ಬರದಿದ್ದರೂ ಇದು ಬರುತ್ತದಲ್ಲ ಅಂತ ನನಗೆ ನಾನೇ ಶಭಾಷ್ ಹೇಳಿಕೊಳ್ಳುತ್ತಿದ್ದೆ.

ನಮ್ಮ ಪ್ರಯೋಗ ಇಷ್ಟೇ. ಮಸಿಗಿಂತ ನುಣ್ಣಗಿನ ನ್ಯಾನೋ ಕಾರ್ಬನ್ ಪುಡಿ ಬೆರೆತರೆ ಸಿಮೆಂಟ್ ಗಾರೆ ಇನ್ನೂ ಗಟ್ಟಿಯಾಗುತ್ತದೆ. ಆದರೆ ಆ ಪುಡಿ ನೀರಿಗೆ ಬಿದ್ದದ್ದೇ, ಮದುವೆ ಊಟದಲ್ಲಿ ಒಂದೂರಿನವರೆಲ್ಲ ಒಂದೇ ಸಾಲಿಗೆ ನುಗ್ಗಿದ ಹಾಗೆ ಗಂಟುಕಟ್ಟುತ್ತದೆ. ಬಿಡಿಸೋಕೆ ಒಂದು ಪಾಲಿಮರ್ ದ್ರವ ಇತ್ತು. ಕಣಕಣವನ್ನೂ ಸುತ್ತಿಕೊಂಡು ಒಂದರಿಂದೊಂದು ದೂರ ಇಡುತ್ತಿತ್ತು. ಕಡಿಮೆಯಾದರೆ ಗಂಟು ಬಿಡೋದಿಲ್ಲ, ಜಾಸ್ತಿಯಾದರೆ ನೊರೆ ಬಂದು ಗಾರೆ ಹೊತ್ತಿಗೆ ಸರಿಯಾಗಿ ಗಟ್ಟಿಯಾಗೋದಿಲ್ಲ.

ಕಲಸುತ್ತಿದ್ದವರು ಕನಕಪುರದಿಂದ ಬಸ್ಸಿಗೆ ಬರುತ್ತಿದ್ದ ಮೇಸ್ತ್ರಿ. ಜೀವಮಾನವಿಡೀ ಗೋಡೆಗೆ ಗಾರೆ ಮೆತ್ತಿ ಮಂಡಿ ಸೋತ ಮೇಲೆ ಇಲ್ಲಿಗೆ ಬಂದಿದ್ದರು. ಮಿಕ್ಸರಿನಲ್ಲಿ ಗಾರೆ ತಿರುಗುವಾಗ ಅವರು ಬೆನ್ನ ಹಿಂದೆ ಯಾರೇ ಮಾತಾಡಲಿ, ತಿರುಗಿ ನೋಡುತ್ತಿರಲಿಲ್ಲ. ಕಣ್ಣು ಗಾರೆ ಮೇಲಿಂದ ಕದಲಬಾರದು ಅನ್ನೋದು ಅವರ ಕಸುಬಿನ ಪಾಠ.

ಒಂದು ಮಧ್ಯಾಹ್ನ ಬಾಗಿಲ ಬಳಿ ನಿಂತು ಎರಡು ಸಲ ಗಂಟಲು ಸರಿಮಾಡಿಕೊಂಡು, ಸಾರ್ ದನಿಯಲ್ಲಿ "ಮೇಸ್ತ್ರಿ, ಇನ್ನೊಂದು ಅಳತೆ ಹಾಕಿ" ಅಂದೆ. ಅವರು ನಕ್ಕು ಬೈತಾರೆ ಅಂದುಕೊಂಡಿದ್ದೆ. "ಆಯ್ತು ಸಾರ್" ಅಂದು ಇನ್ನೊಂದು ಅಳತೆ ದ್ರವ ಸುರಿದೇಬಿಟ್ಟರು. ಬಾಯಿ ತೆರೆದೆ, ಅಷ್ಟರಲ್ಲಿ ನಿಜವಾದ ಸಾರ್ ಕಾರಿಡಾರಿನಲ್ಲಿ ಬಂದರು. ಬಾಯಿ ಮುಚ್ಚಿಕೊಂಡೆ.

ಮಾರನೇ ದಿನ ಅಚ್ಚು ಬಿಚ್ಚಿದರೆ ಗಾರೆಯ ತುಂಡುಗಳು ಹಸಿ ಮುದ್ದೆಯ ಹಾಗೆ ಕುಸಿದವು. ನೀವೇ ಹೇಳಿದ್ರಲ್ಲ ಸಾರ್ ಅಂದರು ಮೇಸ್ತ್ರಿ. ನಾನೆಲ್ಲಿ ಹೇಳಿದೆ ಅಂತ ಸಾರ್ ಕೇಳಿದರು. ಕಿರುಚಲಿಲ್ಲ, ಅದೇ ಕೆಟ್ಟದ್ದು. ವಯಸ್ಸಾಯ್ತು, ವಾರ ಕಳೆದ ಮೇಲೆ ಲೆಕ್ಕ ಮುಗಿಸಿ ಮನೆಯಲ್ಲಿರಿ ಅಂತ ಮೆತ್ತಗೆ ಹೇಳಿದರು.

ನಾನು ಸುಮ್ಮನಿದ್ದೆ. ಒಂದು ದಿನವಲ್ಲ, ಮೂರು ದಿನ. ಊರವರ ದನಿಯೆಲ್ಲ ತೆಗೆಯುವವನಿಗೆ ಇಷ್ಟು ಹೇಳೋಕೆ ಬಾಯಿ ಬರಲಿಲ್ಲ. ಕೆಲಸ ಹೋಗುತ್ತದೆ ಅನ್ನೋ ಭಯ ಇತ್ತು. ನನ್ನ ಅಣಕಕ್ಕೆ ನಕ್ಕವರೆಲ್ಲ ನನ್ನನ್ನು ನೋಡಿ ಮುಖ ತಿರುಗಿಸ್ತಾರೆ ಅನ್ನೋ ಭಯ ಅದಕ್ಕಿಂತ ದೊಡ್ಡದಿತ್ತು.

ನಾಲ್ಕನೇ ದಿನ ಸಾರ್ ಎದುರಿಗೆ ಹೋಗಿ ನಿಂತು, ಅವತ್ತು ಹೇಳಿದ್ದು ನಾನೇ ಅಂದೆ. ಅವರು ನಂಬಲಿಲ್ಲ. ಅವರ ದನಿಯಲ್ಲೇ ಮಾಡಿ ತೋರಿಸಬೇಕಾಯಿತು. ಲ್ಯಾಬಿನಲ್ಲಿದ್ದವರು ಯಾರೂ ನಗಲಿಲ್ಲ. ನನ್ನನ್ನು ಮೂಟೆ ತುಂಬುವ ಶೆಡ್ಡಿಗೆ ಹಾಕಿದರು, ಮೇಸ್ತ್ರಿ ಉಳಿದರು.

ಸಂಜೆ ಬಸ್‌ಸ್ಟಾಪಿನಲ್ಲಿ ಮೇಸ್ತ್ರಿ ಹತ್ತಿರ ಕ್ಷಮೆ ಕೇಳೋಕೆ ಹೋದೆ. ಒಂದು ಏಟು ಬಿದ್ದಿದ್ದರೆ ಹಗುರಾಗುತ್ತಿತ್ತು. ಅವರು ರಸ್ತೆ ನೋಡುತ್ತಲೇ ಹೇಳಿದರು:

"ನೆನ್ನೆ ಕಿವಿ ಡಾಕ್ಟ್ರತ್ರ ಹೋಗಿದ್ದೆ ಕಣ್ಲಾ. ಏನೂ ಆಗಿಲ್ಲ, ಸರಿಯಾಗೈತೆ ಅಂದ್ರು. ನಾನೇ ನಂಬ್ನಿಲ್ಲ. ಒಸಿ ಸರಿಯಾಗ್ ನೋಡಿ ಸಾರ್ ಅಂತ ಡಾಕ್ಟ್ರುನ್ನೇ ಬೈದ್ಬುಟ್ಟು ಬಂದೆ."

ಮುಂದಿನ ವಾರ ಅದೇ ಗಾರೆ ಮತ್ತೆ ಕಲಸೋದಿತ್ತು. ಶೆಡ್ಡಿನಿಂದ ಸಿಮೆಂಟು ಹೊತ್ತು ತಂದೆ. ದ್ರವದ ಅಳತೆ ಬರೆದ ಸಾರ್ ಚೀಟಿ ಬಾಗಿಲ ಬಳಿ ಮೇಜಿನ ಮೇಲಿತ್ತು, ತೆಗೆದುಕೊಟ್ಟೆ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಆಮೇಲೆ ಮಿಕ್ಸರ್ ನಿಲ್ಲಿಸಿ, ಸೋತ ಮಂಡಿ ಎಳೆದುಕೊಂಡು, ಬರೆದದ್ದು ಅವರೇ ತಾನೆ ಅಂತ ಕೇಳೋಕೆ ಸಾರ್ ರೂಮಿಗೆ ಹೋದರು.