ಎರಡನೆಯ ರಸೀದಿ

ಲಿಂಗಸುಗೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನರ್ಸ್. ಮನೆ ಮಸ್ಕಿಯಲ್ಲಿ. ಗಂಡ ಅಲ್ಲೇ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಪ್ರತಿ ಫೆಬ್ರವರಿಯಲ್ಲಿ ಆಸ್ಪತ್ರೆಯ ಸಂಬಳ ವಿಭಾಗದವರು ಆದಾಯ ತೆರಿಗೆಯ ಫಾರಂ ಹಂಚುತ್ತಾರೆ. ವಿಮೆ, ಮನೆಸಾಲ, ಮಕ್ಕಳ ಬೋಧನಾ ಶುಲ್ಕ, ಒಂದೊಂದಕ್ಕೂ ರಸೀದಿ ಲಗತ್ತಿಸಿದರೆ ಅಷ್ಟರಮಟ್ಟಿಗೆ ತೆರಿಗೆ ಇಳಿಯುತ್ತದೆ. ಆ ವರ್ಷ ಮೊದಲ ಸಲ ನಾನು ಇಬ್ಬರು ಮಕ್ಕಳ ರಸೀದಿ ಇಟ್ಟಿದ್ದೆ.

ಒಂದು ನನ್ನ ಮಗನದು, ಇನ್ನೊಂದು ತಂಗಿಯ ಮಗಳದು. ತಂಗಿ ತೀರಿಕೊಂಡಾಗ ಆ ಕೂಸಿಗೆ ನಾಲ್ಕು ವರ್ಷ. ಮಣ್ಣು ಮಾಡಿ ಬಂದ ದಿನವೇ ನನ್ನ ಸೆರಗು ಹಿಡಿದುಕೊಂಡು ಬಂದವಳು, ಮತ್ತೆ ಹೋಗಲಿಲ್ಲ. ಐದನೆಯ ತರಗತಿಯವರೆಗೆ ಮಸ್ಕಿಯ ಸರ್ಕಾರಿ ಶಾಲೆಯಲ್ಲಿ ಓದಿದಳು. ಆರನೆಯದಕ್ಕೆ ಲಿಂಗಸುಗೂರಿನ ಖಾಸಗಿ ಶಾಲೆಗೆ ಸೇರಿಸಿದೆ. ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಹೊರಡುತ್ತಿದ್ದೆವು, ಅವಳು ಶಾಲೆಯ ಬಸ್ಸಿಗೆ, ನಾನು ಸರ್ಕಾರಿ ಬಸ್ಸಿಗೆ.

ಆ ರಸೀದಿಗೂ ನಾನು ಕಡಿಮೆ ಓಡಾಡಿರಲಿಲ್ಲ. ಶಾಲೆಯವರು ಬಸ್ಸು, ಪುಸ್ತಕ, ಸಮವಸ್ತ್ರ ಎಲ್ಲ ಸೇರಿಸಿ ಒಂದೇ ಮೊತ್ತ ಬರೆದುಕೊಟ್ಟಿದ್ದರು. ಬೋಧನಾ ಶುಲ್ಕಕ್ಕೆ ಮಾತ್ರ ರಿಯಾಯಿತಿ ಇರುವುದರಿಂದ ಅದನ್ನು ಬೇರೆ ತೋರಿಸಿ ಎಂದು ಎರಡು ಸಲ ಹೋಗಿ ಕೂತು ಬರೆಸಿಕೊಂಡು ಬಂದಿದ್ದೆ. ಹಾಗಾಗಿ ತಕರಾರು ಬರುವುದಿಲ್ಲ ಎಂದೇ ನಂಬಿದ್ದೆ.

ಸಂಬಳ ವಿಭಾಗದ ಗುಮಾಸ್ತರು ನಿವೃತ್ತಿಯ ಅಂಚಿನಲ್ಲಿದ್ದ ಸಾವಧಾನದ ಮನುಷ್ಯ. ರಸೀದಿಯ ಮೇಲಿನ ತಂದೆಯ ಹೆಸರನ್ನು ಬೆರಳಿಟ್ಟು ಓದಿದರು.

“ಸಿಸ್ಟರ್, ಈ ಹುಡುಗಿ ಯಾರ್ರೀ?”

“ನನ್ನ ತಂಗಿ ಮಗಳ್ರೀ. ನಮ್ಮ ಮನ್ಯಾಗ ಬೆಳ್ಯಾಕತ್ತಾಳ.”

“ಬೆಳೀಲಿ ಬಿಡ್ರಿ, ಒಳ್ಳೇದು. ಆದ್ರ ಕಾಯ್ದೆ ಪ್ರಕಾರ ನಿಮ್ಮ ಮಗಳಲ್ಲ. ಹೆತ್ತ ಮಕ್ಕಳಿಗಿ, ಇಲ್ಲಂದ್ರ ದತ್ತಕ ತಗೊಂಡ ಮಕ್ಕಳಿಗಿ ಅಷ್ಟ ಬರ್ತೈತಿ ಇದು.”

ಅವರು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ‘ಸಂಬಂಧ ಇಲ್ಲ’ ಎಂದು ಬರೆದರು. ನಿಯಮದ ಪ್ರಕಾರ ಅವರು ಮಾಡಿದ್ದು ಸರಿಯೇ. ಆದರೆ ಆ ಎರಡು ಪದ ಓದಿ ನನ್ನ ಕಿವಿ ಬಿಸಿಯಾದವು. ಕಾಮಾಲೆಯಾದಾಗ ಹದಿನೈದು ದಿನ ರಜೆ ಹಾಕಿ ಅವಳ ಪಕ್ಕ ಕೂತವಳು ನಾನು. ಆ ಹುಡುಗಿಗೂ ನನಗೂ ಸಂಬಂಧ ಇಲ್ಲವೆಂದು ನನ್ನದೇ ಫಾರಂ ಮೇಲೆ ಬರೆದಾಗಿತ್ತು. ಕೆಳಗೆ ನಾನೇ ಸಹಿ ಹಾಕಬೇಕಿತ್ತು, ಹಾಕಿದೆ.

ವಾರ್ಡಿಗೆ ಮರಳಿ ಇಂಜೆಕ್ಷನ್ ಕೊಡುವಾಗಲೂ ಅದೇ ಯೋಚನೆ. ನನಗೇನಾದರೂ ಆದರೆ ಅವಳು ನನ್ನ ಮನೆಯಲ್ಲಿ ಯಾರು? ನನ್ನ ಪಿಂಚಣಿ ಕಾಗದದಲ್ಲಿ, ಆಸ್ಪತ್ರೆ ಖರ್ಚಿನ ಕಾಗದದಲ್ಲಿ ಅವಳು ಎಲ್ಲೂ ಇರಲಿಲ್ಲ. ಏಳು ವರ್ಷ ಇದು ನನಗೆ ಹೊಳೆದೇ ಇರಲಿಲ್ಲ.

ಮನೆಯಲ್ಲಿ ಹೇಳಿದಾಗ ಗಂಡ, “ದತ್ತಕ ಮಾಡ್ಕೊಳ್ಳೋಣ. ಆದ್ರ ಆಕಿ ಅಪ್ಪ ಒಪ್ಪಬೇಕಲ್ಲ?” ಎಂದರು. ವಕೀಲರೂ ಅದನ್ನೇ ಹೇಳಿದರು. ನಮಗೆ ಹೆಣ್ಣುಮಕ್ಕಳಿರಲಿಲ್ಲ, ಹುಡುಗಿಗೆ ಹದಿನೈದು ತುಂಬಿರಲಿಲ್ಲ, ಹಾಗಾಗಿ ಕಾಯ್ದೆಯ ಅಡ್ಡಿ ಇರಲಿಲ್ಲ. ಹೆತ್ತ ತಂದೆ ಒಪ್ಪಿ ಸಹಿ ಹಾಕಬೇಕು, ಅಷ್ಟೇ.

ಅವಳ ತಂದೆ ತುರ್ವಿಹಾಳದಲ್ಲಿದ್ದ, ಭತ್ತ ಕೊಯ್ಯುವ ಯಂತ್ರದ ಚಾಲಕ. ಮತ್ತೆ ಮದುವೆಯಾಗಿ ಒಂದು ಕೂಸೂ ಇತ್ತು. ಹಬ್ಬಕ್ಕೆ ಮಗಳಿಗೆ ಬಟ್ಟೆ ತರುತ್ತಿದ್ದ, ಅರ್ಧ ದಿನ ಇದ್ದು ಹೋಗುತ್ತಿದ್ದ. ಮಾರ್ಚಿನ ಒಂದು ಭಾನುವಾರ ನಾನು ಸಿಂಧನೂರಿಗೆ ಹೋಗಿ ಅಲ್ಲಿಂದ ಬಸ್ಸು ಬದಲಿಸಿ ಅವನ ಮನೆಗೆ ಹೋದೆ. ನಡೆದದ್ದನ್ನು ಗುಮಾಸ್ತರಿಂದ ಶುರುಮಾಡಿ ಹೇಳಿದ್ದೇ ತಪ್ಪಾಯಿತು.

“ಅಂದ್ರ ಅಕ್ಕಾರ, ಟ್ಯಾಕ್ಸ್ ಉಳಿಸಾಕ ನನ್ನ ಮಗಳ್ನ ಬರಸ್ಕೊಂತೀರೇನು?” ಎಂದು ಅವನು ಎದ್ದು ನಿಂತ. ಚಹಾ ಕುಡಿಯದೆ ಹೊರಟು ಬಂದೆ.

ಎರಡನೆಯ ಸಲ ಹೋದಾಗ ಅವನು ಕಾಲುವೆ ಆಚೆಯ ಗದ್ದೆಯಲ್ಲಿ ಕೊಯ್ಲಿಗೆ ಹೋಗಿದ್ದ. ಸಂಜೆಯವರೆಗೆ ಕಾದೆ, ಬರಲಿಲ್ಲ. ಬೇಕಂತಲೇ ತಪ್ಪಿಸಿಕೊಂಡನೆಂದು ಅವನ ಹೆಂಡತಿಯ ಮುಖ ನೋಡಿದರೆ ತಿಳಿಯುತ್ತಿತ್ತು. “ಇನ್ನೊಮ್ಮೆ ಬರ್ರೀ ಅಕ್ಕಾರ. ರಾತ್ರಿ ಎಲ್ಲಾ ಅದನ್ನ ಮಾತಾಡ್ತಾರ,” ಎಂದು ಅವಳು ಬಸ್ ನಿಲ್ದಾಣದವರೆಗೂ ಬಂದಳು.

ಗಂಡ ಬೇಸತ್ತು ಬಿಟ್ಟುಬಿಡು ಎಂದರು. ನಾನು ಬಿಡಲಿಲ್ಲ. ಮೂರನೆಯ ಸಲ ಸಂಬಳದ ಚೀಟಿಯನ್ನೇ ಒಯ್ದೆ. ಕೊಯ್ಲು ಮುಗಿದಿತ್ತು. ಅವನು ಅಂಗಳದಲ್ಲಿ ಯಂತ್ರದ ಬ್ಲೇಡಿಗೆ ಎಣ್ಣೆ ಸವರುತ್ತಿದ್ದ.

“ಇದು ನೋಡಪಾ. ಆಕಿ ಹೆಸರು ಹಾಕಿದ್ರ ವರ್ಷಕ್ಕ ಇಷ್ಟು ಉಳೀತಿತ್ತು. ಆಕಿ ಶಾಲೀ ಬಸ್ಸಿಗೂ ಸಾಲಂಗಿಲ್ಲ. ಇದರ ಸಲುವಾಗಿ ಮೂರು ಸಲ ಬರ್ತೀನೇನು ನಾನು?”

ಅವನು ಚೀಟಿ ನೋಡಲಿಲ್ಲ. ಕೈ ಒರೆಸಿಕೊಳ್ಳುತ್ತ ಕೇಳಿದ: “ಸಹಿ ಮಾಡಿದ ಮ್ಯಾಲ ಆಕಿ ನನಗ ಅಪ್ಪಾ ಅಂತಾಳೇನ್ರೀ?”

ಆಗ ನನ್ನ ಸಿಟ್ಟೆಲ್ಲ ಇಳಿಯಿತು. ಇಷ್ಟು ದಿನ ಅವನು ತಪ್ಪಿಸಿಕೊಂಡದ್ದು ಈ ಒಂದು ಪ್ರಶ್ನೆಯಿಂದ.

“ಅದನ್ನ ನನಗ ಹೇಳಾಕ ಬರಂಗಿಲ್ಲ. ಆಕೀನ ಕೇಳೋಣ, ಬಾ,” ಎಂದೆ.

ಮುಂದಿನ ಭಾನುವಾರ ಅವನು ಮಸ್ಕಿಗೆ ಬಂದ. ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು ನಾನೇ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು.

“ದೊಡ್ಡವ್ವ, ನಾ ನಿನಗ ಅವ್ವ ಅನಬೇಕೇನು?”

“ಬ್ಯಾಡ. ನಿನಗ ಹ್ಯಾಂಗ ಬರ್ತೈತಿ ಹಂಗ ಕರಿ.”

“ಅಪ್ಪಗ ಅಪ್ಪ ಅನಬೋದಾ?”

“ಅನಬೋದು.”

“ನಮ್ಮವ್ವ?”

“ಆಕಿ ನಿಮ್ಮವ್ವನ. ಯಾರಿಗೂ ಅಳಸಾಕ ಬರಂಗಿಲ್ಲ.”

ಸ್ವಲ್ಪ ಯೋಚಿಸಿ, “ಹಂಗಾರ ಮಾಡ್ರಿ,” ಎಂದಳು. ಅವನು ಅಂಗಳಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದ.

ಬೇಸಿಗೆ ರಜೆಯಲ್ಲಿ ಸಿಂಧನೂರಿನ ನೋಂದಣಿ ಕಚೇರಿಯಲ್ಲಿ ದತ್ತಕ ಪತ್ರವಾಯಿತು. ಅಂದು ಬೆಳಿಗ್ಗೆ ಮನೆಯಲ್ಲಿ ದೇವರ ಮುಂದೆ ಅವನು ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟ. ಕಚೇರಿಯಲ್ಲಿ ಹೆಬ್ಬೆರಳು ಒತ್ತಿ, ಫೋಟೋ ತೆಗೆಸಿಕೊಂಡು, ಹೊರಗೆ ಬಂದು ಎಲ್ಲರೂ ಕಬ್ಬಿನ ಹಾಲು ಕುಡಿದೆವು. ಹುಡುಗಿ ಅವನ ಬೈಕಿನ ಮೇಲೆ ತುರ್ವಿಹಾಳಕ್ಕೆ ಹೋಗಿ, ತಮ್ಮನ ಜೊತೆ ಆಡಿ ಎಂಟು ದಿನ ಇದ್ದು ಬಂದಳು.

ಜನನ ಪತ್ರ, ಶಾಲೆಯ ದಾಖಲೆ ಬದಲಾಯಿಸುವುದರಲ್ಲಿ ಮತ್ತೊಂದು ವರ್ಷ ಕಳೆಯಿತು. ಒಂದು ಕಡೆ ಅಕ್ಷರ ತಪ್ಪು, ಇನ್ನೊಂದು ಕಡೆ ಸಹಿ ಮಾಡುವವರು ರಜೆ. ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆಗಳಲ್ಲೇ ಕಚೇರಿಗಳಿಗೆ ಹೋಗಿ ನಿಲ್ಲುತ್ತಿದ್ದೆ. ಬಾಗಿಲು ತೆಗೆಯುವ ಹೊತ್ತಿಗೆ ನನ್ನನ್ನು ಕಂಡು ಒಬ್ಬ ಜವಾನ, “ಬಂದ್ರು ನೋಡ್ರಿ ಸಿಸ್ಟರು,” ಎಂದು ಒಳಗೆ ಕೂಗುತ್ತಿದ್ದ. ನಡುವಿನ ಫೆಬ್ರವರಿಯಲ್ಲಿ ಮಗನ ರಸೀದಿಯೊಂದನ್ನೇ ಕೊಟ್ಟೆ.

ಅದರ ಮುಂದಿನ ಫೆಬ್ರವರಿಯಲ್ಲಿ ಎರಡೂ ರಸೀದಿ, ದತ್ತಕ ಪತ್ರದ ಪ್ರತಿ, ಹೊಸ ಜನನ ಪತ್ರ ಎಲ್ಲ ಜೋಡಿಸಿಕೊಂಡು ಸಂಬಳ ವಿಭಾಗಕ್ಕೆ ಹೋದೆ. ಹಳೆಯ ಗುಮಾಸ್ತರು ನಿವೃತ್ತರಾಗಿದ್ದರು. ಅವರ ಕುರ್ಚಿಯಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಕ್ಕಳು.

“ಮೇಡಂ, ಈ ವರ್ಷ ಹೊಸ ಪದ್ಧತಿ ತಗೋರಿ. ನಿಮ್ಮ ಸಂಬಳಕ್ಕ ಟ್ಯಾಕ್ಸೇ ಬರಂಗಿಲ್ಲ. ಈ ರಸೀದಿ ಯಾವೂ ಬೇಕಾಗಿಲ್ರೀ.”

ಎರಡು ವರ್ಷದ ಓಡಾಟವೆಲ್ಲ ನೆನಪಾಗಿ ನನಗೂ ನಗು ಬಂತು. ಆದರೆ ಎದ್ದು ಹೋಗಲಿಲ್ಲ. ಪಿಂಚಣಿಗೆಲ್ಲ ಆಧಾರವಾಗುವ ನನ್ನ ಸೇವಾ ಪುಸ್ತಕ ತೆಗೆಯಿರಿ ಎಂದೆ. ಅವಳು ಕಪಾಟಿನಿಂದ ತಂದು, ಕುಟುಂಬದ ವಿವರವಿರುವ ಪುಟ ತೆರೆದಳು. ಮಗನ ಹೆಸರಿನ ಕೆಳಗೆ ಖಾಲಿ ಸಾಲು ಇತ್ತು.

“ಸಂಬಂಧ ಏನಂತ ಬರೀಲ್ರೀ ಮೇಡಂ?” ಎಂದು ಕೇಳಿದಳು.

“ಮಗಳು,” ಎಂದೆ. ಅವಳು ಬರೆದು ಮುಗಿಸಿ, ಅದರ ಮೇಲೆ ವೈದ್ಯಾಧಿಕಾರಿಯ ಸಹಿ ಬೀಳುವವರೆಗೂ ಅಲ್ಲೇ ಕೂತಿದ್ದೆ.