ಆಯಿಗೆ ಹೇಳಿದ ಮಾತು

ಎಪ್ಪತ್ತರ ದಶಕದಲ್ಲಿ ನಾನು ಬಾಗೇವಾಡಿಯ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಆ ದಿನಗಳನ್ನು ನೆನೆದರೆ ಮಧ್ಯಾಹ್ನಗಳೇ ಮೊದಲು ಕಣ್ಣಿಗೆ ಬರುತ್ತವೆ. ಊರೆಲ್ಲ ಉಂಡು ಮಲಗಿರುತ್ತಿತ್ತು. ಬೇವಿನ ನೆರಳು ಕಿಟಕಿಯಿಂದ ಇಳಿದು ಹಾಸಿಗೆಗಳ ಮೇಲೆ ಮೆಲ್ಲಗೆ ಆಡುತ್ತಿತ್ತು. ನಾನು ಎಚ್ಚರವಿದ್ದೆನೋ ಕನಸಿನಲ್ಲಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ. ಡಾಕ್ಟರರಿಗೆ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು.

ಅಂಥದೊಂದು ಮಧ್ಯಾಹ್ನ ಮಸೂತಿ ಎಂಬ ಹಳ್ಳಿಯಿಂದ ಎರಡು ವರ್ಷದ ಗಂಡು ಕೂಸನ್ನು ತಂದರು. ಜಾವಳ ತೆಗೆಯುವಾಗ ತಲೆಗೆ ಕತ್ತಿ ತುಸು ತಾಗಿತ್ತು, ಅಷ್ಟೆ. ಎರಡು ದಿನವಾದರೂ ರಕ್ತ ನಿಂತಿರಲಿಲ್ಲ. ತಾಯಿ ಇನ್ನೂ ಸಣ್ಣ ವಯಸ್ಸಿನವಳು, ಮತ್ತೆ ಬಸುರಿ. ಜೊತೆಗೆ ಬಂದ ಅತ್ತೆ ಅವಳ ತಾಯಿಯ ತಾಯಿಯೇ. ಸೋದರಮಾವನನ್ನು ಮದುವೆಯಾಗಿದ್ದರಿಂದ ಅತ್ತೆಯನ್ನು ಅವಳು ಮೊದಲಿನಂತೆ ‘ಆಯಿ’, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದಳು.

ಗಾಯವನ್ನು ಒತ್ತಿ ಹಿಡಿದು ನಾನು ತಾಸುಗಟ್ಟಲೆ ಕುಳಿತೆ. ಬಿಜಾಪುರದಿಂದ ರಕ್ತ ತರಿಸಿ ಹಾಕಿದರು. ಕೂಸು ಉಳಿಯಿತು.

ಡಾಕ್ಟರರು ನನ್ನನ್ನು ಕರೆದರು. “ಇದು ರಕ್ತ ಹೆಪ್ಪುಗಟ್ಟದ ರೋಗ. ತಾಯಿಯಿಂದ ಬರ್ತೈತಿ. ಆಕಿಗೇನೂ ತ್ರಾಸಿಲ್ಲ, ಆದ್ರ ಆಕಿ ರಕ್ತದಾಗ ಐತಿ. ಮುಂದಿಂದು ಗಂಡಾದ್ರ ಅದಕ್ಕೂ ಬರಬಹುದು. ಹೆಣ್ಣಾದ್ರ ಅದರ ಮಕ್ಕಳಿಗೆ ಬರಬಹುದು. ಆಕಿಗೆ ತಿಳಿಸಿ ಹೇಳವ್ವಾ.”

ನಾನು ಹೇಳಿದ್ದು ಆಯಿಗೆ. ಹಿರಿಯರು ಎದುರಿಗಿರುವಾಗ ಸೊಸೆಗೆ ನೇರವಾಗಿ ಹೇಳುವ ರೂಢಿ ನಮ್ಮ ಕಡೆ ಇರಲಿಲ್ಲ. ನಾನೂ ಹಾಗೇ ಬೆಳೆದವಳು. ಅದನ್ನೇ ಮರ್ಯಾದೆ ಎಂದುಕೊಂಡಿದ್ದೆ.

ಆಯಿ ಸೆರಗು ಎಳೆದುಕೊಂಡು ನನ್ನ ಹತ್ತಿರ ಬಂದಳು. “ನನ್ನವೂ ಎರಡು ಗಂಡು ಕೂಸು ಹಿಂಗ ಹೋದುವ್ರಿ ಬಾಯಾರ. ದೃಷ್ಟಿ ತಾಗೇತಿ ಅಂತ ತಿಳ್ಕೊಂಡಿದ್ದೆ. ಅಂದ್ರ ಇದು ನನ್ನಿಂದನ ಬಂದೈತ್ರಿ.” ಆಮೇಲೆ ನನ್ನ ಕೈ ಹಿಡಿದಳು. “ಆಕಿಗೆ ಹೇಳಬ್ಯಾಡ್ರಿ. ದಿನ ತುಂಬೂತನಕ ಅಂಜಿಕೊಂಡ ಕುಂಡ್ರತಾಳ.”

ಆ ಮುಖ ನೋಡಿ ಒಪ್ಪಿಕೊಂಡೆ. “ಹೇಳೀನ್ರಿ” ಎಂದು ಡಾಕ್ಟರರಿಗೆ ವರದಿ ಕೊಟ್ಟೆ. ಯಾರಿಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲವು ತಿಂಗಳ ಮೇಲೆ ಅವಳು ಹೆರಿಗೆಗೆ ನಮ್ಮಲ್ಲಿಗೇ ಬಂದಳು. ಹೆಣ್ಣು ಕೂಸು. ಅದೇ ಬೇವಿನ ನೆರಳು, ಅದೇ ಮಂಪರು. ಅವಳು ನಗುವುದನ್ನು ಅಂದೇ ನೋಡಿದೆ.

“ಈಕಿಗೇನೂ ಆಗೂದಿಲ್ಲ, ಹೌದಿಲ್ರಿ ಬಾಯಾರ?”

“ಹೌದವ್ವಾ.”

“ನಮ್ಮ ತಮ್ಮ ಅದಾನ್ರಿ. ದೊಡ್ಡಾಕಿ ಆದ್ಮ್ಯಾಲೆ ಅವಗ ಕೊಡ್ತೇವಿ. ಮನ್ಯಾಗಿಂದು ಮನ್ಯಾಗ ಇರ್ತೈತಿ.”

ಬಾಗಿಲಲ್ಲಿ ನಿಂತಿದ್ದ ಆಯಿ ನನ್ನತ್ತ ನೋಡಿದಳು. ನಾನು ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಮಗ್ಗುಲಿಗಿಟ್ಟೆ. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಆಗಲೂ ಬಾಯಿ ಬಿಡಲಿಲ್ಲ. ಆ ಹೆಣ್ಣು ಕೂಸಿಗೆ ಈಗ ಎಷ್ಟು ವಯಸ್ಸಾಗಿರಬಹುದು, ಗಂಡು ಮಕ್ಕಳು ಹುಟ್ಟಿರಬಹುದೇ ಎಂದು ಇಂದಿಗೂ ಬೆರಳು ಮಡಚುತ್ತೇನೆ.