ದೇವರಮನೆ ಹೊಸ್ತಿಲಲ್ಲಿ ರೋಬೊ

“ಏ, ಅತ್ಲಾಗ್ ಹೋಗು! ಮುಟ್ಬೇಡ ನನ್ನ!”

ದೇವರಮನೆ ಕಡೆಯಿಂದ ಅತ್ತೆಯ ಕೂಗು ಕೇಳಿ, ಆನ್‌ಲೈನ್ ಮೀಟಿಂಗ್‌ನಲ್ಲಿ ಮ್ಯಾನೇಜರ್‌ನಿಂದ ಬೈಸಿಕೊಳ್ಳುತ್ತಿದ್ದ ನಾನು ಲ್ಯಾಪ್‌ಟಾಪ್ ಬಿಟ್ಟು ಓಡಿದೆ. ಹಿಂದಿನ ದಿನವಷ್ಟೇ ನಮ್ಮ ಬಸವನಗುಡಿಯ ಮನೆಗೆ ಬಂದಿದ್ದ, ನೆಲ ಗುಡಿಸಿ ಒರೆಸುವ ರೋಬೊ ಅತ್ತೆಯ ಕಾಲಿಗೆ ತಾಗಿ, ದೇವರಮನೆಯ ಹೊಸ್ತಿಲು ಹತ್ತಲು ಹೋಗಿ, ಓರೆಯಾಗಿ ಸಿಕ್ಕಿಕೊಂಡು ಗುರ್‌ಗುಟ್ಟುತ್ತಿತ್ತು. ನೈವೇದ್ಯದ ಪಾತ್ರೆ ಹಿಡಿದು ಮಡಿಯಲ್ಲಿದ್ದ ಅತ್ತೆ ಗೋಡೆಗೆ ಅಂಟಿಕೊಂಡು ನಿಂತಿದ್ದರು. ರೋಬೊವನ್ನು ಎತ್ತಿಕೊಳ್ಳಲು ಬಗ್ಗಿದೆ.

“ನೀನೂ ಬರ್ಬೇಡ, ಸ್ನಾನ ಆಗಿಲ್ಲ ನಿಂಗೆ!”

ಎದ್ದ ಕೂಡಲೇ ಮೀಟಿಂಗ್ ಕರೆಯುವ ಮ್ಯಾನೇಜರ್ ಇರುವಾಗ ಸ್ನಾನ ಎಲ್ಲಿಂದ ಆಗಬೇಕು? ದೂರದಿಂದಲೇ ಫೋನ್ ಒತ್ತಿ ರೋಬೊವನ್ನು ನಿಲ್ಲಿಸಿದೆ. ಅತ್ತೆ ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕು, ನನ್ನ ಹೊಸ ಯಂತ್ರ ಇವತ್ತೇ ಅಂಗಡಿಗೆ ವಾಪಸ್ ಹೋಗಬೇಕು ಎಂದುಕೊಂಡೆ. ಅತ್ತೆ ಮಾತ್ರ ಬಗ್ಗಿ, ಓರೆಯಾಗಿದ್ದ ರೋಬೊದ ಅಡಿಯನ್ನೇ ನೋಡುತ್ತಿದ್ದರು.

“ಇದೇನೇ ಕೆಳಗೆ, ಒದ್ದೆ ಬಟ್ಟೆನಾ?”

“ಹೂಂ ಅತ್ತೆ. ಆ ಬಟ್ಟೇನೂ ಅದೇ ಒಗ್ಕೊಳತ್ತೆ, ನಾವ್ಯಾರೂ ಮುಟ್ಟೋ ಹಾಗೇ ಇಲ್ಲ.”

ಅತ್ತೆಯ ಮುಖ ಅರಳಿತು. “ತಾನೇ ಒಗ್ಕೊಂಡು ಒದ್ದೇಲೇ ಓಡಾಡತ್ತೆ ಅಂದ್ಮೇಲೆ ಇದು ನನಗಿಂತ ಮಡಿ ಕಣೇ! ಒಳಗೂ ಒರೆಸ್ಲಿ ಬಿಡು.”

ಅಂದಿನಿಂದ ಹೊಸ್ತಿಲು ಹತ್ತಲಾರದ ಆ ರೋಬೊವನ್ನು ದಿನಾ ಬೆಳಗ್ಗೆ ಅತ್ತೆಯೇ ಎತ್ತಿ ದೇವರಮನೆಯೊಳಗೆ ಬಿಡುತ್ತಾರೆ. ದುಡ್ಡು ಕೊಟ್ಟು ತಂದ ನಾನು ಮಾತ್ರ ಮೀಟಿಂಗ್ ಮುಗಿದು ಸ್ನಾನ ಆಗುವವರೆಗೂ ಹೊಸ್ತಿಲಾಚೆ.